ಪೆಟ್ಟೋ, ಗಾಯವೋ, ಉಳುಕೋ: ವೈದ್ಯರಿಗೆ ಸರಿಯಾಗಿ ಹೇಳುವುದು ಹೇಗೆ?

ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ‘ಪೆಟ್ಟಾಗಿದೆ’ ಎಂದಷ್ಟೇ ಹೇಳಿದರೆ ಸಾಲದು. ಪೆಟ್ಟು, ಏಟು ಎಂಬ ಪದಗಳು ದೇಹಕ್ಕೆ ತಗುಲಿದ ಹೊಡೆತವನ್ನು ಸೂಚಿಸುತ್ತವೆಯೇ ಹೊರತು ಅದರಿಂದಾದ ಹಾನಿ ಎಂಥದ್ದೆಂದು ತಿಳಿಸುವುದಿಲ್ಲ. ಮೊದಲು ಚರ್ಮವನ್ನು ಗಮನಿಸಿ. ಚರ್ಮ ಸೀಳಿ ರಕ್ತ ಹರಿಯುತ್ತಿದ್ದರೆ ಗಾಯ ಎನ್ನಿ. ಡಾಂಬರು ರಸ್ತೆಗೆ ಮೊಣಕಾಲು ಉಜ್ಜಿ ಮೇಲ್ಪದರವಷ್ಟೇ ಸುಲಿದಿದ್ದರೆ ಅದು ತರಚು ಗಾಯ. ಚರ್ಮ ಹರಿಯದೆ, ಒಳಗಿನ ಸಣ್ಣ ರಕ್ತನಾಳಗಳು ಒಡೆದು ಆ ಜಾಗ ನೀಲಿಗಟ್ಟಿ ಊದಿಕೊಂಡಿದ್ದರೆ ಮೂಗೇಟು. ಬೆತ್ತದಂಥದ್ದು ಬಡಿದು ಎದ್ದ ಉದ್ದನೆಯ ಗೆರೆಗೆ ಮಾತ್ರ ಬಾಸುಂಡೆ ಎನ್ನುವುದು ವಾಡಿಕೆ.

ನಿಜವಾದ ಗೊಂದಲವಿರುವುದು ಕೀಲುಗಳ ವಿಷಯದಲ್ಲಿ. ಎಲುಬುಗಳನ್ನು ಒಂದಕ್ಕೊಂದು ಬಿಗಿದಿಡುವ ಅಸ್ಥಿರಜ್ಜು ಅತಿಯಾಗಿ ಎಳೆದುಕೊಂಡರೆ ಅಥವಾ ಹರಿದರೆ ಅದು ಉಳುಕು. ಎಲುಬು ತನ್ನ ನೆಲೆಯಿಂದಲೇ ಸರಿದಿದ್ದರೆ ಕೀಲು ತಪ್ಪಿದೆ ಎನ್ನಬೇಕು, ಭುಜದಲ್ಲಿ ಹೀಗಾದಾಗ ಅದರ ಆಕಾರ ಬದಲಾದದ್ದು ಕಣ್ಣಿಗೇ ಕಾಣುತ್ತದೆ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೂ ಅದು ಮುರಿತವೇ. ಈ ವ್ಯತ್ಯಾಸ ಕಾನೂನಿಗೂ ಮುಖ್ಯ: ಭಾರತೀಯ ನ್ಯಾಯ ಸಂಹಿತೆ, 2023ರ 116ನೇ ಕಲಂ ಮುರಿತವನ್ನೂ ಕೀಲು ತಪ್ಪುವುದನ್ನೂ ತೀವ್ರ ಗಾಯಗಳ ಪಟ್ಟಿಯಲ್ಲಿ ಸೇರಿಸಿದೆ.

ಪಾದ ಊರಲಾಗದಷ್ಟು ನೋವಿದ್ದರೆ ಉಳುಕೆಂದು ನೀವೇ ತೀರ್ಮಾನಿಸಿ ಎಳೆದು ನೀವಿಸಬೇಡಿ, ಏಕೆಂದರೆ ಮುರಿತವಿದ್ದಲ್ಲಿ ಹಾನಿ ಹೆಚ್ಚುತ್ತದೆ. ‘ಕಾಲು ಒಳಮುಖವಾಗಿ ಹೊರಳಿತು, ಪಾದದ ಗಂಟಿನ ಹೊರಬದಿಯಲ್ಲಿ ಊತವಿದೆ, ಭಾರ ಹಾಕಲಾಗುತ್ತಿಲ್ಲ’ ಎಂದು ಕಂಡದ್ದನ್ನು ಕಂಡಂತೆ ಹೇಳಿ. ಉಳುಕೋ ಮುರಿತವೋ ಎಂಬುದನ್ನು ವೈದ್ಯರು ಪರೀಕ್ಷಿಸಿ, ಬೇಕಿದ್ದರೆ ಎಕ್ಸ್‌ರೇ ತೆಗೆಸಿ ನಿರ್ಧರಿಸುತ್ತಾರೆ.