ನಾಟಿ ಕೋಳಿ ಸಾಕಿದವರು ಬೆಳಿಗ್ಗೆ ಇದೊಂದು ನೋಡಿ

ಮಂಡ್ಯದ ನಮ್ಮ ಹಿತ್ತಲಲ್ಲಿ ಆರು ನಾಟಿ ಕೋಳಿಗಳಿವೆ. ಬೆಳಿಗ್ಗೆ ಗೂಡು ತೆಗೆದ ಕೂಡಲೇ, ರಾಗಿ ಚೆಲ್ಲುವ ಮೊದಲು, ಒಂದೊಂದನ್ನೂ ಹಿಡಿದು ಕುತ್ತಿಗೆ ಬುಡದ ಕಾಳಿನ ಚೀಲ ಮುಟ್ಟಿ ನೋಡುತ್ತೇನೆ. ರಾತ್ರಿ ತುಂಬಿದ್ದು ಅಷ್ಟೊತ್ತಿಗೆ ಖಾಲಿಯಾಗಿರಬೇಕು. ಗಟ್ಟಿ ಉಂಡೆಯಂತಿದ್ದರೆ ಒಣಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ನೀರು ತುಂಬಿದ ಬಲೂನಿನಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಮೇವು ಹುಳಿತಿದೆ ಅಂತ. ದಯವಿಟ್ಟು ತಲೆಕೆಳಗೆ ಹಿಡಿದು ಕಕ್ಕಿಸಬೇಡಿ. ಉಸಿರಿನ ದಾರಿಗೆ ಹೋದರೆ ಕೋಳಿ ಕೈಯಲ್ಲೇ ಸಾಯಬಹುದು.

ಹಿಕ್ಕೆಯನ್ನೂ ನೋಡಿ. ಮೇಲೆ ಬಿಳಿ ಇರುವುದು, ನಡುನಡುವೆ ಕಂದು ಬಣ್ಣದ ಅಂಟು ಹಿಕ್ಕೆ ಹಾಕುವುದು ಮಾಮೂಲಿ, ಸುಮ್ನೆ ಹೆದರಬೇಡಿ. ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ, ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರಬಹುದು. ಬೇರೆ ಕೂಡಿಹಾಕಿ, ಅವತ್ತೇ ಪಶು ಆಸ್ಪತ್ರೆಯಲ್ಲಿ ತೋರಿಸಿ. ಸ್ವಲ್ಪ ಹಿಕ್ಕೆಯನ್ನೂ ಕವರಿನಲ್ಲಿ ತಗೊಂಡು ಹೋಗಿ.