ಆರು ಪದರ ಎಣಿಸಲು ಹೋಗಿ

ಶೀಶೆಯೊಳಗಿನ ಆ ಮಿದುಳನ್ನು ನೋಡಿದಾಗ ನನಗೆ ಆದದ್ದು ನಿರಾಸೆ. ಸುಮಾರು 3 ಗ್ರಾಂ ತೂಕ, ಮೇಲ್ಮೈಯೆಲ್ಲ ನುಣ್ಣಗೆ. ಮಂಗನ ಮಿದುಳಿನಲ್ಲಿ ಕಾಣುವ ಸುಕ್ಕುಗಳು ಹುಡುಕಿದರೂ ಇಲ್ಲ. ಟ್ರೀ ಶ್ರೂ ಎಂದರೆ ಮಂಗಗಳ ಹತ್ತಿರದ ನೆಂಟ ಎಂದು ಓದಿಕೊಂಡು ಬಂದವನಿಗೆ ಇದು ಇಲಿಯ ಮಿದುಳಿಗೆ ದೊಡ್ಡ ಕಣ್ಣಿನ ನರ ಅಂಟಿಸಿದ ಹಾಗೆ ಕಂಡಿತು.

ಹೆಸರಿನ ಗೊಂದಲ ಮೊದಲೇ ಹೇಳಿಬಿಡುತ್ತೇನೆ. ಆಗ್ನೇಯ ಏಷ್ಯಾದಲ್ಲಿ ಹೆಚ್ಚಾಗಿರುವ ಈ ಪ್ರಾಣಿ ನೋಡಲು ಅಳಿಲಿನ ಹಾಗೆ, ಆದರೆ ಅಳಿಲಲ್ಲ. ಹೆಸರಿನಲ್ಲಿ ಶ್ರೂ ಇದ್ದರೂ ಸೊಂಡಿಲಿಯ ಜಾತಿಯೂ ಅಲ್ಲ. ಕೆಲವು ಪ್ರಭೇದಗಳು ಮರಕ್ಕಿಂತ ನೆಲದ ಮೇಲೆಯೇ ಹೆಚ್ಚು ಹೊತ್ತು ಕಳೆಯುತ್ತವೆ. ಇವಕ್ಕೆ ಈಗ ಸ್ಕ್ಯಾಂಡೆಂಶಿಯಾ ಎಂಬ ಸ್ವಂತ ಗಣವಿದೆ. ನನಗೆ ಸಿಕ್ಕಿದ್ದು ಟುಪಾಯಾ ಬೆಲಂಗೇರಿ.

ನನ್ನ ಕೆಲಸ ಹೇಳಲು ಸುಲಭ. ಕಣ್ಣಿನಿಂದ ಬರುವ ನರಗಳು ಮಿದುಳಿನ ನಡುಭಾಗದ ಥಾಲಮಸ್‌ನಲ್ಲಿ ತಂಗುವ ಜಾಗ, ಅಂದರೆ ಲ್ಯಾಟರಲ್ ಜೆನಿಕ್ಯುಲೇಟ್ ನ್ಯೂಕ್ಲಿಯಸ್‌ನ ಪದರಗಳನ್ನು ಎಣಿಸಬೇಕು, ಯಾವ ಪದರಕ್ಕೆ ಯಾವ ಕಣ್ಣು ಎಂದು ಗುರುತಿಸಬೇಕು. ಪ್ರಾಣಿಯ ಎಡಗಣ್ಣಿಗೆ ಕಾಲರಾ ಟಾಕ್ಸಿನ್‌ನ ಬಿ ಉಪಘಟಕವನ್ನು, ವಿಷವಿಲ್ಲದ ತುಣುಕು ಅದು, ಪ್ರಯೋಗಾಲಯದ ಹಿರಿಯರು ಮೊದಲೇ ಚುಚ್ಚಿಟ್ಟಿದ್ದರು. ಅದು ನರತಂತುಗಳ ಗುಂಟ ಮಿದುಳಿನವರೆಗೆ ಸಾಗುತ್ತದೆ. ಆಮೇಲೆ ಆಂಟಿಬಾಡಿ ಹಾಕಿ ಬಣ್ಣ ಬರಿಸಿದರೆ ಆ ಕಣ್ಣಿನ ತಂತು ಮುಟ್ಟಿದ ಜಾಗವೆಲ್ಲ ಕಂದು.

ಮಿದುಳನ್ನು 30 ಶೇಕಡ ಸಕ್ಕರೆ ದ್ರಾವಣದಲ್ಲಿ ಬಿಟ್ಟೆ. ಮೊದಲು ತೇಲುತ್ತದೆ, ದ್ರಾವಣ ಒಳಗೆ ಇಳಿದ ಮೇಲೆ ತಳ ಸೇರುತ್ತದೆ. ತಳ ಸೇರುವ ಮುಂಚೆ ಆತುರಪಟ್ಟು ಹೆಪ್ಪುಗಟ್ಟಿಸಿದರೆ ಹಿಮದ ಹರಳುಗಳು ಅಂಗಾಂಶವನ್ನು ಜಾಲರಿ ಮಾಡಿಬಿಡುತ್ತವೆ. ಈ ಒಂದು ವಿಷಯದಲ್ಲಿ ನಾನು ತಾಳ್ಮೆ ತೋರಿಸಿದೆ. ಅಂಗಾಂಶವನ್ನು ತೆಳ್ಳಗೆ ಹೆರೆಯುವ ಮೈಕ್ರೋಟೋಮ್‌ನಲ್ಲಿ 40 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತ ಹೋದೆ. ಒಂದು ಮಿಲಿಮೀಟರಿಗೆ 25 ಸೆಕ್ಷನ್. ಒಂದೊಂದನ್ನೂ ಬ್ರಷ್‌ನಿಂದ ಎತ್ತಿ ಬಫರ್ ತುಂಬಿದ ಗುಳಿಗಳಿಗೆ ಬಿಡಬೇಕು. ಒಂದು ಬಿಟ್ಟು ಒಂದನ್ನು ಜೀವಕೋಶಗಳಿಗೆ ನೇರಳೆ ಬಣ್ಣ ಕೊಡುವ ಕ್ರೆಸಿಲ್ ವಯೊಲೆಟ್‌ಗೆ, ಉಳಿದವನ್ನು ಕಂದು ಬಣ್ಣದ ಕೆಲಸಕ್ಕೆ ಎಂದು ವಿಂಗಡಿಸಿದೆ.

ಮೊದಲು ನೇರಳೆ ಸ್ಲೈಡುಗಳನ್ನು ನೋಡಿದೆ. ಎಣಿಸಿದರೆ ನಾಲ್ಕೇ ಪದರ! ಮರುದಿನ ಎಣಿಸಿದೆ, ಐದು. ತಪ್ಪು ನನ್ನ ಕಣ್ಣಿನದು. ಇಲ್ಲಿ ಪದರಗಳು ಪುಸ್ತಕದ ಹಾಳೆಗಳನ್ನು ನಿಲ್ಲಿಸಿದ ಹಾಗೆ ಇರುತ್ತವೆ, 1ನೆಯದು ಒಳಬದಿಗೆ, 6ನೆಯದು ಹೊರಬದಿಯಲ್ಲಿ ದೃಷ್ಟಿನರದ ಪಟ್ಟಿಗೆ ಅಂಟಿಕೊಂಡು. 1, 2, 4, 5 ದಪ್ಪಗೆ ಎದ್ದು ಕಾಣುತ್ತವೆ. 3 ಮತ್ತು 6ರ ಜೀವಕೋಶಗಳು ಚಿಕ್ಕವು, ಬಣ್ಣವೂ ತೆಳು. 3ನ್ನು ನಾನು ಎರಡು ಪದರಗಳ ನಡುವಿನ ಖಾಲಿ ಸಂದು ಎಂದುಕೊಂಡಿದ್ದೆ. ಲೆನ್ಸ್ ಬದಲಿಸಿ ಹತ್ತಿರದಿಂದ ನೋಡಿದಾಗ ಆ ಸಂದಿನ ತುಂಬ ಸಣ್ಣ ಚುಕ್ಕೆಗಳು.

ಆರು ಸಿಕ್ಕಿದ ಖುಷಿಗೆ ಕಂದು ಸ್ಲೈಡುಗಳನ್ನು ತೆಗೆದೆ. ಒಂದು ಬದಿಯಲ್ಲಿ ನಾಲ್ಕು ಪದರ ಕಂದು, ಇನ್ನೊಂದು ಬದಿಯಲ್ಲಿ ಎರಡು. ಚೆನ್ನಾಗಿಯೇ ಬಂದಿತ್ತು. ಆದರೆ ಯಾವುದು ಎಡ, ಯಾವುದು ಬಲ? ಕತ್ತರಿಸುವ ಮುಂಚೆ ಬಲಬದಿಯಲ್ಲಿ, ನಮಗೆ ಬೇಡದ ಜಾಗದಲ್ಲಿ ಸಪೂರ ಸೂಜಿಯಿಂದ ಉದ್ದಕ್ಕೆ ಒಂದು ತೂತು ಮಾಡಬೇಕಿತ್ತು. ಮರೆತಿದ್ದೆ. ನೀರಿನಲ್ಲಿ ತೇಲುವ ಸೆಕ್ಷನ್ ಸ್ಲೈಡಿನ ಮೇಲೆ ಯಾವ ಮಗ್ಗುಲಾಗಿ ಕೂರುತ್ತದೋ ದೇವರೇ ಬಲ್ಲ, ಮಗುಚಿದ್ದು ಗೊತ್ತೂ ಆಗುವುದಿಲ್ಲ.

ನಾನು ಒಂದು ಜಾಣತನ ಮಾಡಿದೆ. ಎದುರುಬದಿಯ ಕಣ್ಣಿನ ತಂತುಗಳು 2, 3, 4, 6ಕ್ಕೆ, ಅದೇ ಬದಿಯವು 1 ಮತ್ತು 5ಕ್ಕೆ ಹೋಗುತ್ತವೆ ಎಂಬುದು ಮೊದಲೇ ತಿಳಿದ ಸಂಗತಿ. ಎಡಗಣ್ಣಿಗೆ ಚುಚ್ಚಿದ್ದರಿಂದ ನಾಲ್ಕು ಪದರ ಕಂದಾದ ಬದಿಯೇ ಬಲ ಎಂದು ಎಲ್ಲ ಸ್ಲೈಡಿನ ಮೇಲೂ ಬರೆದುಬಿಟ್ಟೆ. ಗೈಡ್ ಒಂದು ಸ್ಲೈಡ್ ಎತ್ತಿ ಬೆಳಕಿಗೆ ಹಿಡಿದು ಕೇಳಿದರು: "ಏನಪ್ಪಾ, ನಾಲ್ಕು ಪದರ ಎದುರು ಕಣ್ಣಿನವು ಅಂತ ಹೇಗೆ ಗೊತ್ತಾಯಿತು?" ಬಲಬದಿಯಲ್ಲಿ ಇರುವುದರಿಂದ ಎಂದೆ. "ಅದು ಬಲಬದಿ ಅಂತ?" ನಾಲ್ಕು ಪದರ ಇರುವುದರಿಂದ ಎನ್ನಲು ಬಾಯಿ ತೆರೆದು ಸುಮ್ಮನಾದೆ.

ಈ ಆರರ ಸಂಖ್ಯೆಯಲ್ಲಿ ಇನ್ನೂ ಒಂದು ಬಲೆ ಇದೆ. ಮಕಾಕ್ ಮಂಗಕ್ಕೂ ಇಲ್ಲಿ ಆರು ಪದರ. ಆದರೆ ಅದರಲ್ಲಿ ಎದುರು ಕಣ್ಣಿಗೆ 1, 4, 6. ಅದೇ ಬದಿಯ ಕಣ್ಣಿಗೆ 2, 3, 5. ಮೂರು ಮೂರು ಸಮಪಾಲು. ಟ್ರೀ ಶ್ರೂನಲ್ಲಿ ಪಾಲು ನಾಲ್ಕು ಎರಡು, ಜೋಡಣೆಯ ತರ್ಕವೂ ಬೇರೆ. 1 ಮತ್ತು 2ರ ಕೋಶಗಳು ಬೆಳಕು ಹೆಚ್ಚಿದಾಗ ಮಿಡಿಯುವಂಥವು, 4 ಮತ್ತು 5ರವು ಬೆಳಕು ಕಡಿಮೆಯಾದಾಗ. ಈ ವಿಂಗಡಣೆ ಮಿದುಳಿನ ಹೊರಪದರವಾದ ತೊಗಟೆಯವರೆಗೂ (ಕಾರ್ಟೆಕ್ಸ್) ಮುಂದುವರಿಯುತ್ತದೆ: ದೃಷ್ಟಿ ತೊಗಟೆಯ ನಾಲ್ಕನೆಯ ಪದರ ನಡುವೆ ಸೀಳಿದಂತಿದ್ದು, ಮೇಲಿನ ಅರ್ಧಕ್ಕೆ ಮೊದಲಿನ ಬಗೆ, ಕೆಳಗಿನದಕ್ಕೆ ಎರಡನೆಯ ಬಗೆ. ಆ ಸೀಳು ನೇರಳೆ ಸ್ಲೈಡಿನಲ್ಲಿ ಎಷ್ಟು ಸ್ಪಷ್ಟವೆಂದರೆ, ತೊಗಟೆಯ ಆ ಕ್ಷೇತ್ರ ಎಲ್ಲಿ ಮುಗಿಯಿತು ಎಂದು ಅದನ್ನು ನೋಡಿಯೇ ಹೇಳಬಹುದು. ಮಕಾಕ್‌ನಲ್ಲಿ ಇರುವ, ಎಡಗಣ್ಣು ಬಲಗಣ್ಣಿಗೆ ಸರದಿಯಂತೆ ಮೀಸಲಾದ ಪಟ್ಟೆಗಳು ಇಲ್ಲಿ ಇಲ್ಲ. ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತನ ಹೇಳಬಾರದು.

ಹಾಗೆ ಹೇಳಿದವರು ದೊಡ್ಡವರೇ. 1920ರ ದಶಕದಲ್ಲಿ ಅಂಗರಚನಾ ವಿಜ್ಞಾನಿ ಲೆ ಗ್ರಾಸ್ ಕ್ಲಾರ್ಕ್ ಇದರ ಸ್ನಾಯು, ತಲೆಬುರುಡೆ, ಮಿದುಳುಗಳನ್ನು ಬಿಡಿಸಿ ನೋಡಿ, ಮಂಗ ಮನುಷ್ಯರೆಲ್ಲ ಸೇರುವ ಗಣವಾದ ಪ್ರೈಮೇಟ್‌ಗಳ ಜೊತೆಗಿನ ಹೋಲಿಕೆ ಎತ್ತಿ ತೋರಿಸಿದರು. 1945ರಲ್ಲಿ ಪಳೆಯುಳಿಕೆ ವಿಜ್ಞಾನಿ ಸಿಂಪ್ಸನ್ ತಮ್ಮ ವರ್ಗೀಕರಣದಲ್ಲಿ ಅದನ್ನು ಪ್ರೈಮೇಟ್ ಗಣದೊಳಗೇ ಸೇರಿಸಿದರು. ಕಣ್ಣಿನ ಕುಳಿಯ ಹಿಂದೆ ಎಲುಬಿನ ಕಂಬಿ ಪೂರ್ತಿ ಇದೆ, ನಿಜ. ಆದರೆ ಮಧ್ಯಕಿವಿಯನ್ನು ಮುಚ್ಚುವ ಗುಳ್ಳೆ ಪ್ರೈಮೇಟ್‌ಗಳಲ್ಲಿ ಪೆಟ್ರೋಸಲ್ ಎಲುಬಿನಿಂದ ಆಗಿದ್ದರೆ ಇದರಲ್ಲಿ ಎಂಟೋಟಿಂಪ್ಯಾನಿಕ್ ಎಂಬ ಬೇರೆಯೇ ಎಲುಬಿನಿಂದ. ಬೆರಳುಗಳಲ್ಲಿ ಉಗುರಿಲ್ಲ, ಎಲ್ಲಕ್ಕೂ ಪಂಜದ ಕೊಕ್ಕೆ. ದೇಹದ ತೂಕಕ್ಕೆ ಹೋಲಿಸಿದರೆ ಇದರ ಮಿದುಳು ಮನುಷ್ಯನದಕ್ಕಿಂತ ದೊಡ್ಡದು ಎಂಬ ಮಾತನ್ನೂ ಕೇಳಿರಬಹುದು. ಚಿಕ್ಕ ಪ್ರಾಣಿಗಳಲ್ಲಿ ಈ ಅನುಪಾತ ಹೆಚ್ಚಿರುವುದು ಮಾಮೂಲು, ಅದಕ್ಕೆ ಬೆರಗಾಗಬೇಕಿಲ್ಲ.

ಬೆರಗಾಗಬೇಕಾದದ್ದು ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ನೋಡಿ, ನೋಟವನ್ನು ವಸ್ತುವಿನ ಕಡೆ ತಿರುಗಿಸುವ ಭಾಗ ಅದು. ನನ್ನ ಸೆಕ್ಷನ್‌ಗಳಲ್ಲಿ ಅದೇ ಜಾಗವನ್ನೆಲ್ಲ ನುಂಗಿದಂತಿತ್ತು, ಪದರಗಳು ಗೆರೆ ಎಳೆದಂತೆ. 1972ರಲ್ಲಿ ಕ್ಯಾಸಗ್ರಾಂಡೆ, ಡೈಮಂಡ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಮೇಲಿನ ಪದರಗಳಿಗೆ ಮಾತ್ರ ಹಾನಿಯಾದರೆ ಟ್ರೀ ಶ್ರೂ ಆಕಾರಗಳನ್ನು ಬೇರ್ಪಡಿಸಲಾರದು, ಆದರೆ ವಸ್ತುವಿನ ಕಡೆ ತಿರುಗಬಲ್ಲದು. ಹಾನಿ ಆಳದ ಪದರಗಳಿಗೂ ಇಳಿದರೆ ತಿರುಗುವುದೂ ಹೋಗುತ್ತದೆ. ಹಗಲಿನಲ್ಲಿ ಓಡಾಡುವ, ರೆಟಿನಾದ ಬೆಳಕುಕೋಶಗಳಲ್ಲಿ ಸುಮಾರು 95 ಶೇಕಡ, ಹಗಲುಬೆಳಕಿನ ನೋಟಕ್ಕೆ ಬೇಕಾದ ಕೋನ್‌ಗಳೇ ಇರುವ ಪ್ರಾಣಿಗೆ ಇಷ್ಟು ದೊಡ್ಡ ಕಾಲಿಕ್ಯುಲಸ್ ಒಪ್ಪುವಂಥದ್ದೇ.

ಎರಡನೆಯ ಮಿದುಳು ಸಿಕ್ಕಲು ಕೆಲವು ತಿಂಗಳು ಕಾಯಬೇಕಾಯಿತು. ಸಕ್ಕರೆ ದ್ರಾವಣದಿಂದ ಎತ್ತಿದ ಕೂಡಲೇ ಮಾಡಿದ ಮೊದಲ ಕೆಲಸ ಬಲಬದಿಗೆ ಸೂಜಿ ಹಾಕಿದ್ದು. ಪ್ರತಿ ಸೆಕ್ಷನ್‌ನಲ್ಲೂ ಆ ತೂತು ಕಂಡಿತು, ಅದಿದ್ದ ಬದಿಯಲ್ಲೇ ನಾಲ್ಕು ಪದರ ಕಂದು. ಮೊದಲ ಸರಣಿಯನ್ನು ಪದರ ಎಣಿಸಲು ಮಾತ್ರ ಬಳಸಿದೆವು. ಆ ಪೆಟ್ಟಿಗೆ ಈಗಲೂ ಕಪಾಟಿನಲ್ಲಿದೆ, ಮುಚ್ಚಳದ ಮೇಲೆ ಗೈಡ್‌ನ ಕೈಬರಹದಲ್ಲಿ "ಎಡ-ಬಲ ತಿಳಿಯದು".