ಪುಟ್ಟ ಮಕ್ಕಳಿಗೆ ಬೇಸಿಗೆಯ ಹಗಲು ಶಿಬಿರವನ್ನು ಅಣಿಗೊಳಿಸುವ ಬಗೆ

ಐದರಿಂದ ಎಂಟು ವರ್ಷದ ಮಕ್ಕಳಿಗಾಗಿ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಶಿಬಿರ ನಡೆಸುವವರು ಓಟದಾಟಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಬಿಸಿಲೇರಿದ ಮೇಲೆ ಕಥೆ, ಜೇಡಿಮಣ್ಣಿನ ಕೆಲಸ, ಚೌಕಾಬಾರ, ಅಳಗುಳಿಮಣೆಗಳಿಗೆ ತಿರುಗುವುದು ಲೇಸು. ಗುಳಿಯಿಂದ ಗುಳಿಗೆ ಹುಣಸೆಬೀಜ ಹಂಚುತ್ತಾ ಹೋಗುವ ಮಗು ಎಣಿಕೆಯನ್ನು ತಾನಾಗಿಯೇ ರೂಢಿಸಿಕೊಳ್ಳುವುದರಿಂದ ಗಣಿತದ ಹಾಳೆಗಳನ್ನು, ಪೋಷಕರು ಒತ್ತಾಯಿಸಿದರೂ, ಕೊಡಬೇಕಾಗಿಲ್ಲ.

ಶಿಬಿರದ ಅವಧಿಯಲ್ಲಿ ಏಪ್ರಿಲ್ 24 ಸೇರುವಂತೆ ನೋಡಿಕೊಳ್ಳಿ. ಆ ದಿನದ ಆಸುಪಾಸಿನಲ್ಲಿ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುವುದರಿಂದ, ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ. ಹನ್ನೊಂದೂವರೆಯಿಂದಲೇ ಹತ್ತು ನಿಮಿಷಕ್ಕೊಮ್ಮೆ ಮಕ್ಕಳನ್ನು ಹೊರಗೆ ಕರೆತಂದು, ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿ, ಕೂಡಲೇ ಒಳಗೆ ಕಳುಹಿಸಿ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಪ್ರತಿ ಸಲವೂ ಹೇಳಬೇಕಾಗುತ್ತದೆ. ಒಮ್ಮೆ ಹೇಳಿದರೆ ಈ ವಯಸ್ಸಿನವರಿಗೆ ಸಾಲದು. ನೆರಳು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರಿಸಲು ಅವಸರಪಡದೆ, ಮೊದಲು ಅವರ ಊಹೆಗಳನ್ನು ಕೇಳಿಸಿಕೊಳ್ಳಿ.

ಪಾನಕ, ನೀರುಮಜ್ಜಿಗೆ ಸದಾ ಸಿದ್ಧವಿರಲಿ. ಶೇಂಗಾ ಮೊದಲಾದವು ಯಾರಿಗೆ ಒಗ್ಗುವುದಿಲ್ಲ, ಸಂಜೆ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂಬುದನ್ನು ಹೆಸರು ನೋಂದಾಯಿಸುವಾಗಲೇ ಪೋಷಕರಿಂದ ಬರೆಸಿಕೊಳ್ಳಬೇಕು.